ಹಾಸನದಲ್ಲಿ ಅಚ್ಚುಮೊಳೆಗಳ ನಡುವೆ ಒಂದು ಬೆಳಗು

ಹಾಸನದ ಪೇಟೆಯ ಹಳೆಯ ಮುದ್ರಣಾಲಯವೊಂದರಲ್ಲಿ ಜೋಪಾನವಾಗಿಟ್ಟ ಯಂತ್ರಗಳನ್ನು ನೋಡಲು ಬೆಳಗಿನ ಹೊತ್ತೇ ಸರಿ. ಕಿಟಕಿಯ ಓರೆ ಬೆಳಕಿನಲ್ಲಿ ಮೊಳೆಯ, ಅಂದರೆ ಅಚ್ಚಿಗೆ ಎರಕ ಹೊಯ್ದ ಲೋಹದ ಅಕ್ಷರದ, ಮುಖ ಚೆನ್ನಾಗಿ ಕಾಣುತ್ತದೆ. ಬಾಗಿಲ ಬಳಿ ಕಲ್ಲಚ್ಚಿನ ಚಪ್ಪಡಿ: ಜಿಡ್ಡು ಮಸಿಯಲ್ಲಿ ಬರೆದಲ್ಲಿ ಇಂಕು ಹಿಡಿಯುತ್ತದೆ, ಒದ್ದೆ ಇದ್ದಲ್ಲಿ ಹಿಡಿಯುವುದಿಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿದ್ದು ಹೀಗೇ.

ಆದರೆ ಕಾಲೂರಿ ನಿಲ್ಲಬೇಕಾದದ್ದು ಮೊಳೆ ಕೇಸುಗಳ, ಅಂದರೆ ಖಾನೆಖಾನೆಯ ಮರದ ಪೆಟ್ಟಿಗೆಗಳ, ಮುಂದೆ. ಸೀಸಕ್ಕೆ ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆಯ ಎತ್ತರ 0.918 ಇಂಚು. ಸವೆದು ಕೂದಲೆಳೆಯಷ್ಟು ತಗ್ಗಿದರೂ ಅಕ್ಷರ ಮಸುಕು. ಕನ್ನಡದ ಕಷ್ಟ ಬೇರೆಯೇ. ‘ಕಿ’ಗೊಂದು ಮೊಳೆ, ‘ಗಿ’ಗೊಂದು ಮೊಳೆ, ಒತ್ತುಗಳಿಗೆ ಬೇರೆ ಖಾನೆ. ‘ಕರ್ನಾಟಕ’ ಕೂರಿಸುವಾಗ ಕ, ನಾ ಆದ ಮೇಲೆ ಅರ್ಕಾವೊತ್ತು, ಆಮೇಲೆ ಟ, ಕ. ಬಾಯಲ್ಲಿ ಮೊದಲು ಬರುವ ‘ರ್’ ಕೈಗೆ ‘ನಾ’ ಆದ ಮೇಲೆ ಸಿಗುತ್ತದೆ. ಹೊಸಬರು ಎಡವುವುದು ಇಲ್ಲೇ.

ಮೊಳೆಗಳನ್ನು ಸಾಲಾಗಿ ಜೋಡಿಸುವ ಪುಟ್ಟ ತಟ್ಟೆ, ಸ್ಟಿಕ್ಕು, ಎಡಗೈಯಲ್ಲಿ. ಮೊಳೆಯ ಮೈಮೇಲಿನ ಗುರುತಿನ ಗೀರು ಮೇಲಕ್ಕಿರಬೇಕು, ಅಕ್ಷರ ತಲೆಕೆಳಗಾಗಿ ಎಡದಿಂದ ಬಲಕ್ಕೆ ಸಾಗುತ್ತದೆ. ಸಾಲು ತುಂಬಿದಾಗ ಕೈಬಿಟ್ಟರೂ ಬೀಳದೆ ನಿಲ್ಲುವಷ್ಟು ಬಿಗಿ ಇರಬೇಕು. ಸಡಿಲ ಬಿಟ್ಟರೆ ಪದಗಳ ನಡುವೆ ಜಾಗ ಬಿಡಲು ಹಾಕಿದ ಖಾಲಿ ಮೊಳೆ ಯಂತ್ರದಲ್ಲಿ ಮೇಲೆದ್ದು ಕಾಗದಕ್ಕೆ ಕಪ್ಪು ಗುರುತು ಬೀಳುತ್ತದೆ. ಸಾಲುಗಳನ್ನು ಚೇಸಿಗೆ, ಅಂದರೆ ಕಬ್ಬಿಣದ ಚೌಕಟ್ಟಿಗೆ, ಹಾಕಿ, ಸುತ್ತ ಮರದ ತುಂಡು ಜೋಡಿಸಿ, ಕ್ವಾಯಿನು ಎಂಬ ಬಿಗಿಯುವ ಬೆಣೆಗಳನ್ನು ಒಂದೊಂದಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಪುಟ ನಡುವೆ ಉಬ್ಬುತ್ತದೆ. ಚೇಸಿನ ಒಂದು ಮೂಲೆಯನ್ನು ಎತ್ತಿ, ಬೆರಳಿಂದ ಒತ್ತಿ ನೋಡಿದರೆ ಅಲ್ಲಾಡುವ ಮೊಳೆ ತಾನೇ ಸಿಕ್ಕಿಬೀಳುತ್ತದೆ.

ಕಾಲಿನಿಂದ ನಡೆಸುವ ಅಚ್ಚಿನ ಯಂತ್ರ, ಟ್ರೆಡಲ್, ತುಳಿಯುವುದು ಇದರ ಮುಂದೆ ಸಲೀಸು. ಮಸುಕಾಗಿ ಬಿದ್ದ ಜಾಗದ ಹಿಂದೆ ತೆಳು ಕಾಗದದ ಚೂರು ಅಂಟಿಸಿದರೆ ಒತ್ತಡ ಸಮವಾಗುತ್ತದೆ. ಇಂಕು ಬಳಿಯುವ ಹಳೆಯ ರೋಲರುಗಳದ್ದೇ ತಕರಾರು: ಪ್ರಾಣಿಜನ್ಯ ಅಂಟು, ಕಾಕಂಬಿ ಕಾಯಿಸಿ ಎರೆದವು. ಮಲೆನಾಡ ಕಡೆಯ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿ, ಇಂಕನ್ನೇ ಹಿಡಿಯುವುದಿಲ್ಲ; ಬಿರುಬಿಸಿಲಿಗೆ ಮೆತ್ತಗಾಗಿ ಆಕಾರಗೆಡುತ್ತವೆ. ಕೆಲಸ ಮುಗಿದೊಡನೆ ಮೊಳೆಯನ್ನು ಸೀಮೆಎಣ್ಣೆಯಲ್ಲಿ ಉಜ್ಜದಿದ್ದರೆ ‘ಥ’ದ ಹೊಟ್ಟೆಯಲ್ಲಿ ಇಂಕು ಒಣಗಿ ಒಳಗಿನ ಚುಕ್ಕೆಯೇ ಮಾಯ.

ಮಧ್ಯಾಹ್ನಕ್ಕೆ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೊರಡಬಹುದು. ಊರಲ್ಲಿರುವುದು ಶಾಸನದ ಪ್ರತಿಕೃತಿ, 16 ಸಾಲು. ಕೇಸುಗಳನ್ನು ನೋಡಿ ಬಂದ ಕಣ್ಣಿಗೆ ಅಲ್ಲಿ ಮೊದಲು ಕಾಣುವುದು ಒತ್ತಕ್ಷರಗಳೇ: ಕಲ್ಲಿನಲ್ಲಿ ಅವು ಅಕ್ಷರದ ನೇರ ಕೆಳಗೆ, ಬೇಕಾದಷ್ಟು ಜಾಗದಲ್ಲಿ ಆರಾಮವಾಗಿ ಕೂತಿವೆ.