ಕಣ್ಣಿಗೆ ಒಬ್ಬನೇ ರಮೇಶ್, ಕ್ಯಾಲ್ಕ್‌ಗೆ ಮೂವರು

ಕೊನೆಗೂ ಸಿಕ್ಕಿತು! ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶ ಬಳಸುವವರ ಪ್ರಶ್ನೆಗಳಿಗೆ ಬಿಡುವಿನಲ್ಲಿ ಉತ್ತರ ಕೊಡುತ್ತೇನಲ್ಲ, ಈ ಸಲ ನಿದ್ದೆ ಕೆಡಿಸಿದ್ದು ಒಂದೇ ಪ್ರಶ್ನೆ. ಕೇಳಿದವರು ಶಾಲೆಯ ಮೇಡಂ ಒಬ್ಬರು. ಅದರ ಲೆಕ್ಕದ ಹಾಳೆಯಾದ ಕ್ಯಾಲ್ಕ್‌ನಲ್ಲಿ, ಒಂದು ಹಾಳೆಯಲ್ಲಿ ಮಕ್ಕಳ ಹೆಸರು, ಇನ್ನೊಂದರಲ್ಲಿ ಅಂಕ. ಒಂದರಲ್ಲಿರುವ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ವಿ-ಲುಕಪ್ ಸೂತ್ರ ಹಾಕಿದರೆ ಎಷ್ಟೋ ಹೆಸರು ಸಿಗುತ್ತಲೇ ಇಲ್ಲ. "ಸರ್, ಎರಡೂ ಕಡೆ ರಮೇಶ್ ಅಂತಲೇ ಇದೆ, ನೀವೇ ನೋಡಿ" ಎಂದಿದ್ದರು. ಟ್ರಿಮ್ ಮಾಡಿ ಖಾಲಿ ಜಾಗ ತೆಗೆದೂ ನೋಡಿದ್ದರು.

ಕನ್ನಡದ ಫಾಂಟ್ ಬದಲಾಗ್ತಿಲ್ಲ ಅನ್ನೋ ಪ್ರಶ್ನೆಯಾದರೆ ಎರಡು ಸಾಲಲ್ಲಿ ಮುಗಿಯುತ್ತದೆ. ಕನ್ನಡದಂಥ ಲಿಪಿಗಳಿಗೆ ಸಿಟಿಎಲ್ ಫಾಂಟ್ ಅಂತ ಬೇರೆ ಇದೆ, ಅದನ್ನು ಬದಲಿಸಿ ಅಂದರೆ ಆಯಿತು. ಇದು ಹಾಗಲ್ಲ. ಮೇಲಾಗಿ ಬಂದದ್ದು ಮೊಬೈಲಲ್ಲಿ ತೆಗೆದ ಸ್ಕ್ರೀನಿನ ಫೋಟೋ. ಉತ್ತರ ಕೊಡುವ ಎಲ್ಲರಿಗೂ ಈ ಕಾಟ ಗೊತ್ತೇ ಇದೆ. ಕಾಣದ ಅಕ್ಷರವನ್ನು ಫೋಟೋದಲ್ಲಿ ಹುಡುಕೋದು ಹೇಗೆ? ಅಂಕಗಳನ್ನೂ ಊರಿನ ಹೆಸರನ್ನೂ ತೆಗೆದು ಹತ್ತು ಸಾಲಿನ ಕಡತ ಕಳಿಸಿ ಎಂದೆ. ಪಾಪ, ಅದೇ ದಿನ ಕಳಿಸಿದರು.

ಅಕ್ಷರ, ಗುರುತುಗಳನ್ನು ಎಣಿಸುವ ಲೆನ್ ಸೂತ್ರ ಹಾಕಿದೆ. ರಮೇಶ್‌ಗೆ 5 ಬರಬೇಕು: ರ, ಮ, ಏತ್ವ, ಶ, ಹಲಂತ. ಅಂಕಪಟ್ಟಿಯಲ್ಲಿ 6 ಬಂತು. ಕಾರಣ ಹೊಳೆಯಿತು. ಕೆಲವು ಟೈಪಿಂಗ್ ತಂತ್ರಾಂಶಗಳು ಹಲಂತದ ನಂತರ ಒಂದು ಕಾಣದ ಗುರುತು ಸೇರಿಸುತ್ತವೆ, ಝಡ್‌ಡಬ್ಲ್ಯೂಎನ್‌ಜೆ. ಮುಂದಿನ ವ್ಯಂಜನ ಒತ್ತಾಗಬಾರದು ಅಂತ. ಪದದ ಕೊನೆಯಲ್ಲಿ ಅದರ ಅಗತ್ಯವೇ ಇಲ್ಲ, ಆದರೂ ತುರುಕುತ್ತವೆ! ಟ್ರಿಮ್‌ಗೆ ಅದು ಖಾಲಿ ಜಾಗವಲ್ಲ, ಹಾಗಾಗಿ ಮುಟ್ಟುವುದಿಲ್ಲ. ಸಬ್‌ಸ್ಟಿಟ್ಯೂಟ್ ಸೂತ್ರದಲ್ಲಿ ಯುನಿಚಾರ್ 8204 ಕೊಟ್ಟು ಅದನ್ನು ತೆಗೆದೆ. ಯುನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ, ಈ ಗುರುತಿನದು 8204. ಹಲವು ಹೆಸರು ಕೂಡಿಕೊಂಡವು. ಆದರೆ ಕೆಲವು ರಮೇಶರು ಇನ್ನೂ 6ರಲ್ಲೇ ನಿಂತಿದ್ದರು.

ಇಲ್ಲೇ ನಾನು ಸಿಕ್ಕಿಹಾಕಿಕೊಂಡಿದ್ದು. ಕೊನೆಗೆ ಮಿಡ್ ಮತ್ತು ಯುನಿಕೋಡ್ ಸೂತ್ರ ಸೇರಿಸಿ ಒಂದೊಂದೇ ಅಕ್ಷರದ ಸಂಖ್ಯೆ ತೆಗೆದೆ. ಮೂರನೆಯದು ಏತ್ವದ 3271 ಇರಬೇಕಾದಲ್ಲಿ 3270, ಅದರ ಪಕ್ಕ 3285. ಅಂದರೆ ಎತ್ವ ಬೇರೆ, ದೀರ್ಘದ ಗುರುತು ಬೇರೆ! ಯುನಿಕೋಡಿಗೂ ಮುಂಚಿನ ಹಳೆಯ ಫಾಂಟುಗಳಲ್ಲಿ ದೀರ್ಘ ಒಂದು ಪ್ರತ್ಯೇಕ ತುಂಡು. ಯಾವುದೋ ಪರಿವರ್ತಕ ಅದನ್ನು ಹಾಗೇ ಯುನಿಕೋಡಿಗೆ ತಂದಿರಬೇಕು. ತೆರೆಯ ಮೇಲೆ ಒಂದಿಷ್ಟೂ ವ್ಯತ್ಯಾಸ ಇಲ್ಲ. ಎರಡು ಬೇರೆ ಬೇರೆ ಕಾಯಿಲೆ, ಎರಡಕ್ಕೂ ಉದ್ದ 6. ಉದ್ದ ನೋಡಿ ತೀರ್ಮಾನ ಮಾಡೋಕೆ ಆಗಲ್ಲ ಅಲ್ವಾ?

3270, 3285 ಜೋಡಿಯನ್ನು 3271 ಮಾಡಿದೆ. ಅದೇ ರೀತಿ ಓತ್ವಕ್ಕೆ 3274, 3285 ಜೋಡಿ 3275 ಆಗಬೇಕು. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರಿಗೆ ಎನ್‌ಎಫ್‌ಸಿ ನಾರ್ಮಲೈಸ್ ಒಂದೇ ಸಾಲು. ಬಿಡಿ ಗುರುತುಗಳನ್ನು ಒಂದಾಗಿ ಕೂಡಿಸುವ ಯುನಿಕೋಡಿನ ಕ್ರಮ ಅದು, ಈ ಜೋಡಿಗಳೆಲ್ಲ ಸರಿಹೋಗುತ್ತವೆ. 8204 ಅದರಿಂದ ಹೋಗುವುದಿಲ್ಲ, ಬೇರೆಯಾಗಿ ತೆಗೆಯಬೇಕು.

ಒಂದು ಮಾತು ಒತ್ತಿ ಹೇಳುತ್ತೇನೆ. ಇದನ್ನು ಮೂಲ ಹೆಸರಿನ ಕಾಲಂನಲ್ಲಿ ಮಾಡಬೇಡಿ. ಎರಡೂ ಹಾಳೆಯಲ್ಲಿ ಪಕ್ಕದಲ್ಲೊಂದು ಕಾಲಂ ಮಾಡಿ, ಹೋಲಿಕೆಗೆ ಮಾತ್ರ ಬಳಸಿ. ಇಲ್ಲದಿದ್ದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತದೆ. ಮಗುವಿನ ಹೆಸರು ಅಂಕಪಟ್ಟಿಯಲ್ಲಿ ಹಾಗೆ ಅಚ್ಚಾಗಬಾರದು.

ಮೇಡಂ ಪಟ್ಟಿ ಈಗ ಪೂರ್ತಿ ಕೂಡುತ್ತಿದೆ. ನನ್ನ ತಲೆಯಲ್ಲಿ ಮಾತ್ರ ಆ ಪರಿವರ್ತಕವೇ ಕೂತಿದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಕಡತಗಳಿಗೆ ನಾನೇ ಒಂದು ಬರೆಯಬೇಕು. ಅವುಗಳಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಮೊದಲು ಬರಬೇಕು. 'ಧರ್ಮ' ಸುಲಭ. 'ದೈರ್ಘ್ಯ'ದಲ್ಲಿ ಒತ್ತನ್ನೂ ದಾಟಿ ಹಿಂದೆ ಹೋಗಬೇಕು. ಸಾಮರ್ಥ್ಯ, ಈರ್ಷ್ಯೆ, ವರ್ಜ್ಯ ತರಹದ ಪದಗಳಿರುವ ಹಳೆಯ ಕಡತ ಯಾರ ಹತ್ತಿರವಾದರೂ ಇದ್ದರೆ ಎರಡು ಪ್ಯಾರಾ ಕಳಿಸಿ, ತುಂಬ ಉಪಕಾರವಾಗುತ್ತದೆ.