ಕಸೂತಿಯ ಅಂಚಿಗೆ ಕೈಯಲ್ಲೇ ಹೊಸೆದ ಹುರಿ

ಕಸೂತಿ ಹಾಕಿದ ಚೀಲಕ್ಕೋ ದಿಂಬಿನ ಅಂಚಿಗೋ ಬೇಕಾದ ಹುರಿಯನ್ನು ಕಾಸರಗೋಡಿನ ಪೇಟೆಯಲ್ಲಿ ಹುಡುಕುವುದಕ್ಕಿಂತ, ಕಸೂತಿಗೆ ಬಳಸಿದ ನೂಲಿನಿಂದಲೇ ಹೊಸೆದುಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಬಣ್ಣ ಹೊಂದೀತೇ ಎಂಬ ಚಿಂತೆಯೇ ಆಗ ಇರುವುದಿಲ್ಲ.

ಹುರಿ ಎಷ್ಟು ಉದ್ದ ಬೇಕೋ ಅದರ ಸುಮಾರು 3 ಪಟ್ಟು ಉದ್ದದ ಎಳೆಗಳನ್ನು ಕತ್ತರಿಸಬೇಕು, ಏಕೆಂದರೆ ಮಡಚಿದಾಗ ಉದ್ದ ಅರ್ಧವಾಗುವುದಲ್ಲದೆ ತಿರುಚುವಿಕೆಯೂ ಒಂದಷ್ಟನ್ನು ನುಂಗುತ್ತದೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದಕ್ಕೆ ಪೆನ್ಸಿಲ್ ಸಿಕ್ಕಿಸಿ, ನೂಲನ್ನು ಬಿಗಿಯಾಗಿ ಹಿಡಿದುಕೊಂಡೇ ಒಂದೇ ದಿಕ್ಕಿಗೆ ತಿರುಗಿಸುತ್ತ ಹೋಗಬೇಕು. ತುಸು ಸಡಿಲಿಸಿದೊಡನೆ ನೂಲು ತಾನಾಗಿ ಸುರುಳಿಗೊಂಡರೆ ತಿರುಚು ಸಾಕಷ್ಟು ಏರಿದೆಯೆಂದು ತಿಳಿಯಬಹುದು. ಆಗ ನಡುವಿಗೆ ಒಂದು ಭಾರವನ್ನು ತೂಗುಹಾಕಿ (ನನಗೆ ಕತ್ತರಿಯೇ ಸಾಕು), ಎರಡು ತುದಿಗಳನ್ನೂ ಸೇರಿಸಿ ಹಿಡಿದು ಭಾರವನ್ನು ಬಿಟ್ಟರೆ, ಎರಡೂ ಭಾಗಗಳು ಮೊದಲಿನ ತಿರುಚಿಗೆ ವಿರುದ್ಧವಾಗಿ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಎಳೆಗಳ ತಿರುಚು ಬಿಚ್ಚಿಕೊಳ್ಳಲು ಹವಣಿಸಿದಷ್ಟೂ ಒಟ್ಟು ಹೊಸೆತ ಬಿಗಿಯಾಗುವುದರಿಂದಲೇ ಹುರಿ ನಿಲ್ಲುತ್ತದೆ. ನಮ್ಮ ಕಡೆಯ ತೆಂಗಿನ ನಾರಿನ ಹಗ್ಗದಲ್ಲಿರುವುದೂ ಇದೇ ತತ್ತ್ವ.

ಮಡಚಿದಾಗ ಎಳೆಗಳು ಇಮ್ಮಡಿಯಾಗುವ ಕಾರಣ, 12 ಎಳೆಗಳ ದಪ್ಪ ಬೇಕಿದ್ದರೆ 6 ಎಳೆಗಳಿಂದ ತೊಡಗಿದರೆ ಸಾಕು. ಎರಡು ಬಣ್ಣಗಳ ಸ್ಪಷ್ಟ ಪಟ್ಟೆ ಬೇಕಾದವರು ಅವುಗಳನ್ನು ಜೊತೆಯಾಗಿ ಹಿಡಿಯದೆ, ತುದಿಗೆ ತುದಿ ಗಂಟು ಹಾಕಿ, ಆ ಗಂಟಿನಲ್ಲೇ ಮಡಚಬೇಕು.

ಕತ್ತರಿಸುವ ಜಾಗದ ಎರಡೂ ಬದಿಗೆ ಮೊದಲೇ ದಾರ ಸುತ್ತಿ ಕಟ್ಟದಿದ್ದರೆ ಹೊಸೆತವೆಲ್ಲ ಬಿಚ್ಚಿಹೋಗುತ್ತದೆ. ಬಟ್ಟೆಗೆ ಹೊಲಿಯುವಾಗ ಹುರಿಯ ಓರೆಯನ್ನೇ ಅನುಸರಿಸಿ ಸೂಜಿ ಹಾಕಿದರೆ ಹೊಲಿಗೆ ಕಣ್ಣಿಗೆ ಬೀಳುವುದಿಲ್ಲ.