ಎರಡನೇ ಸ್ಫೋಟ

2018ರ ಏಪ್ರಿಲ್ 30, ಸೋಮವಾರ. ಕಾಬೂಲ್‌ನ ಶಶ್‌ದರಕ್. ಬೆಳಿಗ್ಗೆ ಎಂಟರ ಹೊತ್ತಿಗೆ ಮೋಟಾರ್‌ಬೈಕಿನಲ್ಲಿ ಬಂದ ಒಬ್ಬಾತ, ಗುಪ್ತಚರ ಇಲಾಖೆಯ ಕಚೇರಿ ಬಳಿ ತನ್ನನ್ನು ಸ್ಫೋಟಿಸಿಕೊಂಡ. ಆಮೇಲಿನದ್ದು ಯಾವ ಊರಿನ ಸುದ್ದಿಗಾರರಿಗಾದರೂ ಗೊತ್ತಿರುವ ಕ್ರಮ. ಕಚೇರಿಯ ಸುದ್ದಿ ಡೆಸ್ಕ್‌ನಿಂದ ಫೋನ್, ಹೆಗಲಿಗೆ ಕ್ಯಾಮೆರಾ, ಪೊಲೀಸರು ತಡೆ ಹಾಕಿದ ಜಾಗದವರೆಗೆ ಓಟ. ಅಲ್ಲಿಂದ ಮುಂದೆ ಬಿಡುವುದಿಲ್ಲ, ಹಿಂದೆ ನಿಂತರೆ ದೃಶ್ಯ ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಒಂದೇ ಕಡೆ ಗುಂಪಾಗುತ್ತಾರೆ.

ಸುಮಾರು ಅರ್ಧ ಗಂಟೆ ಕಳೆದ ಮೇಲೆ ಆ ಗುಂಪಿಗೆ ಇನ್ನೊಬ್ಬ ಬಂದು ಸೇರಿದ. ಪತ್ರಕರ್ತನ ಗುರುತಿನ ಚೀಟಿ ತೋರಿಸಿ ಅವರ ನಡುವೆ ನಿಂತ ಎಂದು ಅಫ್ಗನ್ ಗೃಹ ಸಚಿವಾಲಯ ಆಮೇಲೆ ಹೇಳಿತು. ಅವನೇ ಎರಡನೇ ಬಾಂಬರ್. ಎರಡೂ ಸ್ಫೋಟಗಳಲ್ಲಿ ಕನಿಷ್ಠ 25 ಜನ ಸತ್ತರು, ಅವರಲ್ಲಿ ಒಂಬತ್ತು ಮಂದಿ ಮಾಧ್ಯಮದವರು. ಫ್ರಾನ್ಸ್‌ನ ಸುದ್ದಿ ಸಂಸ್ಥೆ ಎಎಫ್‌ಪಿಯ ಕಾಬೂಲ್ ಮುಖ್ಯ ಛಾಯಾಗ್ರಾಹಕ ಶಾ ಮರಾಯ್, ಟೋಲೋ ನ್ಯೂಸ್‌ನ ಯಾರ್ ಮೊಹಮ್ಮದ್ ತೋಖಿ, ಒನ್ ಟಿವಿಯ ಗಾಜಿ ರಸೂಲಿ ಮತ್ತು ನೌರೋಜ್ ಅಲಿ ರಜಬಿ, ಮಶಾಲ್ ಟಿವಿಯ ಸಲೀಂ ತಲಾಶ್ ಮತ್ತು ಅಲಿ ಸಲೀಮಿ, ಆಜಾದಿ ರೇಡಿಯೋದ ಅಬಾದುಲ್ಲಾ ಹನಂಜೈ, ಸಬಾವೂನ್ ಕಾಕರ್, ಮಹರಂ ದುರಾನಿ. ಮಹರಂ ವರದಿಗೆಂದು ಬಂದವರಲ್ಲ, ಕಚೇರಿಗೆ ಹೊರಟಿದ್ದ ತರಬೇತಿಯ ಹುಡುಗಿ. ಇಸ್ಲಾಮಿಕ್ ಸ್ಟೇಟ್ ಹೊಣೆ ಹೊತ್ತುಕೊಂಡಿತು.

ಒಂಬತ್ತು ಮಂದಿಯೂ ಅಫ್ಗನ್ನರು. ಕಾಬೂಲ್‌ನ ಚಿತ್ರ ನಮ್ಮ ಪತ್ರಿಕೆಯ ವಿದೇಶ ಪುಟಕ್ಕೆ ಬರುವಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಏಜೆನ್ಸಿಯ ಹೆಸರಷ್ಟೇ ಇರುತ್ತದೆ. ಆ ಹೆಸರಿನ ಹಿಂದೆ ಇರುವವರು ಇವರು. 1996ರಲ್ಲಿ ಡ್ರೈವರ್ ಆಗಿ ಎಎಫ್‌ಪಿ ಸೇರಿದ ಮರಾಯ್, ತಾಲಿಬಾನ್‌ನ ಮೊದಲ ಆಳ್ವಿಕೆಯ ಕಾಲದಲ್ಲೇ ಕ್ಯಾಮೆರಾ ಹಿಡಿಯಲು ಕಲಿತವರು.

ಎರಡನೇ ಬಾಂಬನ್ನು ನೆಟ್ಟದ್ದು ನಮ್ಮ ಕಸುಬಿನ ಅಭ್ಯಾಸದ ಮೇಲೆ. ಅರ್ಧ ಗಂಟೆ ಎಂದರೆ ಸುದ್ದಿ ಮುಟ್ಟಿ, ಕ್ಯಾಮೆರಾದವರು ತಲುಪಿ, ಜಾಗ ಹಿಡಿದು ನಿಲ್ಲುವುದಕ್ಕೆ ಬೇಕಾದ ಹೊತ್ತು. ಕೊಲ್ಲಲು ಬಂದವನು ಆ ಲೆಕ್ಕ ತಿಳಿದಿದ್ದ. ಹಾಗಾದರೆ ಒಂದು ಗಂಟೆ ಕಾದು ಹೋದರೆ ಸಾಕೇ? ಅದೇ ವರ್ಷ ಸೆಪ್ಟೆಂಬರ್ 5ರಂದು ಕಾಬೂಲ್‌ನದೇ ದಶ್ತ್-ಎ-ಬರ್ಚಿಯ ಕುಸ್ತಿ ಕ್ಲಬ್ಬಿನಲ್ಲಿ ಸ್ಫೋಟವಾಯಿತು. ಹೆಚ್ಚುಕಡಿಮೆ ಒಂದು ಗಂಟೆಯ ನಂತರ ಹೊರಗೆ ಕಾರ್ ಬಾಂಬ್ ಸಿಡಿಯಿತು. ಟೋಲೋ ನ್ಯೂಸ್‌ನ ಸಮೀಂ ಫರಾಮರ್ಜ್ ಆಗಷ್ಟೇ ನೇರ ವರದಿ ಮುಗಿಸಿದ್ದರು. ಅವರೂ ಕ್ಯಾಮೆರಾಮನ್ ರಮೀಜ್ ಅಹ್ಮದಿಯೂ ಉಳಿಯಲಿಲ್ಲ. ಗಡಿಯಾರವನ್ನು ನಂಬುವಂತಿಲ್ಲ. ನಂಬಬಹುದಾದದ್ದು ದೂರ ಮತ್ತು ಗೋಡೆಯನ್ನು ಮಾತ್ರ.

ದೂರ ಎಂದರೆ ಎಷ್ಟು? ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ಕೋಷ್ಟಕ ಸೊಂಟಕ್ಕೆ ಕಟ್ಟಿಕೊಂಡ 9 ಕಿಲೋ ಸ್ಫೋಟಕಕ್ಕೆ 110 ಅಡಿಯೊಳಗೆ ಯಾರೂ ಇರಕೂಡದು, ಬಯಲಿನಲ್ಲಿ 1700 ಅಡಿ ದಾಟಿರಬೇಕು ಎನ್ನುತ್ತದೆ. ಅದು ಅರ್ಧ ಕಿಲೋಮೀಟರಿಗೂ ಹೆಚ್ಚು. ಆ ದೂರದಿಂದ 400 ಎಂಎಂ ಲೆನ್ಸ್ ಹಾಕಿದರೂ ಸಿಗುವುದು ಹೊಗೆ ಮಾತ್ರ. ವರದಿಗಾರ ಮುಂದೆ ಹೋಗುವುದು ಧೈರ್ಯ ಹೆಚ್ಚಾಗಿ ಅಲ್ಲ. ಪಕ್ಕದ ಚಾನೆಲ್‌ನವನು ಮುಂದೆ ಹೋಗಿದ್ದಾನೆ, ಡೆಸ್ಕ್ ಅದನ್ನು ನೋಡುತ್ತಿದೆ, ಅದಕ್ಕೆ. ಆದ್ದರಿಂದ ದೂರವನ್ನು ತೀರ್ಮಾನಿಸಬೇಕಾದದ್ದು ಕಚೇರಿ, ಅದೂ ಎಲ್ಲ ಕಚೇರಿಗಳೂ ಒಟ್ಟಾಗಿ. ಬೀದಿಯಲ್ಲಿ ನಿಂತವನ ಹೆಗಲಿಗೆ ಆ ತೀರ್ಮಾನ ಹೊರಿಸುವುದು ಅನ್ಯಾಯ.

ದೂರ ಸಿಗದಿದ್ದರೆ ಮಾಡಬಹುದಾದ್ದು ಕೆಲವಿದೆ. ಗುಂಪಿನಲ್ಲಿ ನಿಲ್ಲಬೇಡಿ, ಬೇರೆ ಮೂಲೆ ಹುಡುಕಿ. ಸ್ಫೋಟವಾದ ಜಾಗಕ್ಕೂ ನಿಮಗೂ ನಡುವೆ ಗಟ್ಟಿ ಗೋಡೆಯಿರಲಿ. ಗಾಜಿನ ಮುಂಭಾಗದ ಅಂಗಡಿ ಬೇಡ, ನಿಂತ ಕಾರುಗಳ ಸಾಲಂತೂ ಬೇಡವೇ ಬೇಡ. ಒಂದು ತಂಡದ ಇಬ್ಬರು ಜೊತೆಯಲ್ಲಿ ನಿಲ್ಲಬಾರದು, ಒಬ್ಬ ಬಿದ್ದರೆ ಇನ್ನೊಬ್ಬ ಓಡಿಬರಲು ಉಳಿದಿರಬೇಕು. ಗುರುತಿನ ಚೀಟಿಯನ್ನು ಪೊಲೀಸರು ನೋಡಿದರು ಎಂದ ಮಾತ್ರಕ್ಕೆ ನಿರಾಳವಾಗಬೇಡಿ. ಚೀಟಿಗಿಂತ ಮುಖಪರಿಚಯ ಮೇಲು. ಆದರೆ ಇದರಲ್ಲೂ ನೋವಿದೆ: ಹೊಸದಾಗಿ ಬಂದ ಹುಡುಗನೂ ಅಪರಿಚಿತನೇ, ಅವನನ್ನೂ ಅನುಮಾನದಿಂದ ನೋಡಬೇಕಾಗುತ್ತದೆ.

ಬುಲೆಟ್‌ಪ್ರೂಫ್ ಜಾಕೆಟ್ ಬಗ್ಗೆ ತಪ್ಪು ನಂಬಿಕೆ ಬಹಳ. ಸೆರಾಮಿಕ್ ಪ್ಲೇಟ್ ಹಾಕಿದ ಜಾಕೆಟ್ ಹತ್ತು ಕಿಲೋ ತೂಗುತ್ತದೆ, ಎದೆ ಬೆನ್ನನ್ನು ಕಾಯುತ್ತದೆ. ಬಾಂಬಿನ ಚೂರುಗಳು ತೊಡೆ, ಕುತ್ತಿಗೆ, ತೋಳುಗಳನ್ನೂ ಹುಡುಕುತ್ತವೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಉಳಿದಿರುವುದು ಕೆಲವೇ ನಿಮಿಷ. ಹಾಗಾಗಿ ಟೂರ್ನಿಕೆಟ್, ಅಂದರೆ ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಕಡ್ಡಿಯಿರುವ ಪಟ್ಟಿ, ಚೀಲದ ತಳದಲ್ಲಿರಕೂಡದು. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಯಾವ ಕೈಗಾದರೂ ಸಿಗುವಂತೆ ಜಾಕೆಟ್ಟಿನ ಹೊರಗೇ ಸಿಕ್ಕಿಸಿರಬೇಕು. ಗಾಯದಿಂದ ಎರಡು ಮೂರು ಇಂಚು ಮೇಲೆ ಕಟ್ಟಬೇಕು, ಮೊಣಕಾಲು ಮೊಣಕೈ ಕೀಲಿನ ಮೇಲಲ್ಲ. ಗಾಯ ಎಲ್ಲಿದೆ ಎಂದು ಕಾಣದಿದ್ದರೆ ಕೈಕಾಲಿನ ಆದಷ್ಟು ಮೇಲ್ತುದಿಗೆ ಕಟ್ಟಿ. ಪಟ್ಟಿಯನ್ನು ಮೊದಲು ಕೈಯಿಂದಲೇ ಬಿಗಿಯಾಗಿ ಎಳೆದು, ಆಮೇಲೆ ಕಡ್ಡಿ ತಿರುಗಿಸಿ, ರಕ್ತ ನಿಲ್ಲುವ ತನಕ. ನೋಯುತ್ತದೆ ಎಂದು ಅರೆಬರೆ ಬಿಗಿದವರೇ ಹೆಚ್ಚು. ಹಾಗೆ ಬಿಗಿದರೆ ರಕ್ತ ವಾಪಸು ಹೋಗುವ ದಾರಿ ಮುಚ್ಚುತ್ತದೆ, ಬರುವ ದಾರಿ ತೆರೆದೇ ಇರುತ್ತದೆ, ಸ್ರಾವ ಇನ್ನೂ ಹೆಚ್ಚುತ್ತದೆ. ಕಟ್ಟಿದ ಸಮಯವನ್ನು ಅದರ ಮೇಲೆ ಬರೆಯಿರಿ, ಬಿಚ್ಚುವ ಕೆಲಸ ವೈದ್ಯರದು. ತೊಡೆಸಂದು, ಕಂಕುಳಿಗೆ ಟೂರ್ನಿಕೆಟ್ ಹತ್ತುವುದಿಲ್ಲ. ಅಲ್ಲಿ ಗಾಜ್ ಬಟ್ಟೆಯನ್ನು ಗಾಯದೊಳಕ್ಕೆ ತುರುಕಿ, ಮೈಭಾರ ಹಾಕಿ ಒತ್ತಬೇಕು, ಮತ್ತೆ ಮತ್ತೆ ಎತ್ತಿ ನೋಡಬಾರದು. ಎದೆ, ಹೊಟ್ಟೆಯ ಗಾಯಕ್ಕೆ ತುರುಕುವುದು ಬೇಡ.

ಶಶ್‌ದರಕ್ ಸ್ಫೋಟದ ದಿನವೇ, ಏಪ್ರಿಲ್ 30ರಂದು, ಪೂರ್ವದ ಖೋಸ್ತ್ ಪ್ರಾಂತದಲ್ಲಿ ಬಿಬಿಸಿ ಪಶ್ತೋ ವರದಿಗಾರ ಅಹ್ಮದ್ ಶಾ ಅವರನ್ನು ಬಂದೂಕುಧಾರಿಗಳು ಗುಂಡಿಟ್ಟು ಕೊಂದರು. ವಯಸ್ಸು 29. ಅಲ್ಲಿ ಪೊಲೀಸ್ ತಡೆ ಇರಲಿಲ್ಲ, ಕ್ಯಾಮೆರಾಗಳ ಗುಂಪೂ ಇರಲಿಲ್ಲ. ತನಗೆ ಚೆನ್ನಾಗಿ ಗೊತ್ತಿದ್ದ ದಾರಿಯಲ್ಲಿ ಅವರು ಸೈಕಲ್ ತುಳಿಯುತ್ತಿದ್ದರು.